ಈರುಳ್ಳಿ ಶೆಡ್ಡಿನ ಜರ್ಮನ್ ಮಹಜರು

ಶಿವನಿ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಮೂಗಿಗೆ ಬಡಿದದ್ದು ಈರುಳ್ಳಿ ವಾಸನೆ. ಪ್ಲಾಟ್‌ಫಾರಂ ಆಚೆ ರಸ್ತೆ ಬದಿಯಲ್ಲಿ ಯಾರೋ ರಾಶಿ ಹಾಕಿದ್ದರು. ಹಿಂದಿನ ದಿನದ ಹನಿಗೆ ಮೇಲಿನ ಸಿಪ್ಪೆ ನೆನೆದಿತ್ತು, ಬೆಳಗಿನ ಬಿಸಿಲಿಗೆ ಅದು ಬೆಚ್ಚಗಾಗುತ್ತಿತ್ತು. ನನ್ನ ಜೊತೆ ಇಳಿದ ಹುಡುಗಿಯೊಬ್ಬಳು ಮೂಗಿಗೆ ದುಪಟ್ಟಾ ಹಿಡಿದುಕೊಂಡು ಓಡಿದಳು. ನಾನು ಬ್ಯಾಗು ಕೆಳಗಿಟ್ಟು ಎದೆ ತುಂಬ ಎಳೆದುಕೊಂಡೆ. ಎರಡು ವರ್ಷ ಜರ್ಮನಿಯ ಆಸ್ಪತ್ರೆಯೊಂದರಲ್ಲಿ ನರ್ಸಾಗಿ ದುಡಿದು, ಮೊದಲ ಸಲ ರಜೆಗೆ ಬಂದಿದ್ದೆ. ಜರ್ಮನ್ ಭಾಷೆಗೆ ಒಂದು ವಾಸನೆ ಇದೆ ಎಂದಾದರೆ ನನ್ನ ಪಾಲಿಗೆ ಅದು ಇದೇ. ಅಲ್ಲಿನ ಸಹೋದ್ಯೋಗಿಗಳಿಗೆ ಹೀಗೆಂದರೆ ನಗುತ್ತಾರೆ. ಆದರೆ ನನಗೆ ಬಾಯಿ ಬಂದದ್ದು ಈ ಊರಿನ ಈರುಳ್ಳಿ ಶೆಡ್ಡಿನಲ್ಲಿ, ಒಂದು ಹಳೇ ಪತ್ತೇದಾರಿ ಧಾರಾವಾಹಿ ನೋಡುತ್ತಾ, ರಿಟೈರಾದ ಹೆಡ್ ಕಾನ್‌ಸ್ಟೇಬಲ್ ಒಬ್ಬರ ಕೈಯಲ್ಲಿ. ಅವರು ನನ್ನ ಸೋದರಮಾವ, ಶಿವಲಿಂಗಪ್ಪ.

ನಾನು ಜರ್ಮನಿಗೆ ಹೋದ ವರ್ಷದ ಮಳೆಗಾಲದ ಹೊತ್ತಿಗೆ ನಾನು ಜರ್ಮನ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದೆ. ಓದುವುದು, ಬರೆಯುವುದು, ಕೇಳಿಸಿಕೊಳ್ಳುವುದು ಮೂರೂ ಪಾಸು. ಮಾತನಾಡುವುದರಲ್ಲಿ ಮಾತ್ರ ಎರಡು ಸಲವೂ ನೆಲ ಕಚ್ಚಿದ್ದೆ. ಪರೀಕ್ಷಕರ ಎದುರು ಕೂತೊಡನೆ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಮೊದಲ ಭಾಗದಲ್ಲಿ ಒಂದು ಚಿತ್ರ ಕೊಟ್ಟು ಅದರಲ್ಲಿ ಏನಿದೆ ಎಂದು ವಿವರಿಸಲು ಹೇಳುತ್ತಾರೆ. ನಾನು ಚಿತ್ರವನ್ನೂ ಅವರು ನನ್ನನ್ನೂ ನೋಡುತ್ತಾ ಕೂತಿರುತ್ತಿದ್ದೆವು. ತರೀಕೆರೆಯ ನರ್ಸಿಂಗ್ ಹೋಮಿನಲ್ಲಿ ಎಂಟು ಹೆರಿಗೆಯನ್ನು ಒಂದೇ ಪಾಳಿಯಲ್ಲಿ ಸಂಭಾಳಿಸಿದವಳು ಒಂದು ಕುರ್ಚಿ, ಒಂದು ಮೇಜು ಎನ್ನಲಾಗದೆ ಬೆವೆತು ಹೋಗುತ್ತಿದ್ದೆ. ಜರ್ಮನಿಯ ಆಸ್ಪತ್ರೆಯವರು ವರ್ಷದ ಕೊನೆಯವರೆಗೆ ಮಾತ್ರ ಕೆಲಸ ಕಾಯ್ದಿರಿಸುತ್ತೇವೆ ಎಂದಿದ್ದರು. ಉಳಿದಿದ್ದದ್ದು ಒಂದೇ ಅವಕಾಶ.

ನನಗೆ ಹೋಗಬೇಕಿತ್ತು. ಸಂಬಳಕ್ಕಾಗಿ ಅಲ್ಲವೇ ಅಲ್ಲ ಎಂದರೆ ಸುಳ್ಳು. ಆದರೆ ಅದಕ್ಕಿಂತ ಹೆಚ್ಚಾಗಿ, ದೊಡ್ಡ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಕೆಲಸ ಕಲಿಯುವ ಹುಚ್ಚು ನರ್ಸಿಂಗ್ ಓದುವ ಕಾಲದಿಂದಲೂ ಹತ್ತಿತ್ತು. ಆ ನರ್ಸಿಂಗಿಗೂ ನಮ್ಮ ಅಪ್ಪ ಒಪ್ಪಿರಲಿಲ್ಲ, ಒಪ್ಪಿಸಿದ್ದು ಇದೇ ಮಾವ. ಲಿಂಗದಹಳ್ಳಿಯ ನಮ್ಮ ಮನೆಯಲ್ಲಿ ಆ ದಿನಗಳಲ್ಲಿ ಬಂದವರೆಲ್ಲ ಕೇಳುವ ಮೊದಲ ಮಾತು, 'ಏನಾಯ್ತಮ್ಮ ನಿಂದು?' ಎಂಬುದು. ಕೇಳಿಸಿಕೊಂಡು ಕೇಳಿಸಿಕೊಂಡು ಕಿವಿ ತೂತು ಬಿದ್ದಿತ್ತು. ಅಷ್ಟರಲ್ಲಿ ಮಾವನ ಫೋನು ಬಂತು.

"ಗಿರಿಜಾ, ಈರುಳ್ಳಿ ಕಿತ್ತಾಕೀವಿ. ಜುಟ್ಟು ಕೊಯ್ಯಾಕೆ ಆಳು ಸಾಲ್ತಿಲ್ಲ. ಬಂದ್ಬಿಡು."

ಆಳು ಸಾಲದೇ ಇರುವುದು ನೆಪ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮಾರನೇ ದಿನವೇ ತರೀಕೆರೆಗೆ ಬಂದು, ಅಲ್ಲಿಂದ ಶಿವನಿಗೆ ಹೋದೆ.

ಮಾವ ಕಡೂರು, ತರೀಕೆರೆ, ಅಜ್ಜಂಪುರ ಎಂದು ಮೂರೂ ಕಡೆ ಸುತ್ತಿ ಸುತ್ತಿ ಸರ್ವಿಸ್ ಮುಗಿಸಿದವರು. ಲಾಠಿ ಎತ್ತಿದ್ದಕ್ಕಿಂತ ಮಹಜರು ಬರೆದದ್ದೇ ಜಾಸ್ತಿ ಎಂದು ಅತ್ತೆ ಛೇಡಿಸುತ್ತಿದ್ದರು. ಕಳವೋ ಹೊಡೆದಾಟವೋ ಆದ ಜಾಗಕ್ಕೆ ಹೋಗಿ, ಪಂಚರನ್ನು ಸಾಕ್ಷಿಗೆ ನಿಲ್ಲಿಸಿಕೊಂಡು, ಅಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆಯುವುದೇ ಮಹಜರು. ಮೊದಲು ಜಾಗದ ಚಕ್ಕುಬಂದಿ: ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಬೀದಿ, ಉತ್ತರಕ್ಕೆ ಹಿತ್ತಲು, ದಕ್ಷಿಣಕ್ಕೆ ಚರಂಡಿ. ಆಮೇಲೆ ಒಳಗಿನ ಸಾಮಾನು. ಕೊನೆಗೆ, ಓದಿಸಿ ಕೇಳಿ ಸರಿ ಇದೆ ಎಂದು ಒಪ್ಪಿದ್ದು. ರಿಟೈರಾದ ಮೇಲೂ ಮಾವನಿಗೆ ಈ ಚಾಳಿ ಬಿಟ್ಟಿರಲಿಲ್ಲ. ಕನ್ನಡಕ ಎಲ್ಲಿ ಎಂದು ಅತ್ತೆಯನ್ನು ಕೇಳಿದರೆ, ಅವರೂ 'ಅಡಿಗೆಮನೆ ಪಡುವಲ ಗೋಡೆ ಗೂಡಲ್ಲಿ' ಎಂದೇ ಉತ್ತರಿಸುವಷ್ಟು ಅದು ಮನೆಗೆಲ್ಲ ಅಂಟಿತ್ತು.

ಮನೆ ಹಿಂದಿನ ಶೆಡ್ಡಿನಲ್ಲಿ ಒಣಗಿದ ಈರುಳ್ಳಿ ಎದೆಮಟ್ಟ ಬಿದ್ದಿತ್ತು. ಸುತ್ತ ಐದಾರು ಹೆಂಗಸರು ಕುಡುಗೋಲು ಮೆಟ್ಟಿಕೊಂಡು ಕೂತು ಜುಟ್ಟು ಕೊಯ್ದು ಎಸೆಯುತ್ತಿದ್ದರು. ಅವರಿಗೆಲ್ಲ ಹಿರಿಯಳು ಕೆಂಚಮ್ಮ. ಆಕೆಯ ಬಾಯಿಗೆ ಹೆದರಿ ಮಾವನ ಮಗ ಲೋಕೇಶ ಟ್ರ್ಯಾಕ್ಟರ್ ಬಿಟ್ಟು ಇಳಿಯುತ್ತಲೇ ಇರಲಿಲ್ಲ. ನಾನೂ ಒಂದು ಮಣೆ ಎಳೆದುಕೊಂಡು ಕೂತೆ. ಮೊದಲ ದಿನ ಕಣ್ಣಲ್ಲಿ ನೀರು ಸುರಿಯುತ್ತಿದ್ದದ್ದು ಈರುಳ್ಳಿಗೋ ನನ್ನ ಹಣೆಬರಹಕ್ಕೋ ಎಂದು ಯಾರೂ ಕೇಳಲಿಲ್ಲ. ಆ ಉಪಕಾರಕ್ಕೇ ಒಂದು ನಮಸ್ಕಾರ ಹಾಕಬೇಕು.

ನಮ್ಮ ಆನ್‌ಲೈನ್ ಮೇಡಂ, ಹಳೆಯ ಜರ್ಮನ್ ಟಿವಿ ಧಾರಾವಾಹಿ ನೋಡಿ ಎಂದಿದ್ದರು. ಅದರಲ್ಲೂ ಪತ್ತೇದಾರಿ ಧಾರಾವಾಹಿ, ಅದರಲ್ಲೂ ಶುರುವಿನ ವರ್ಷಗಳದ್ದು. ಆಗಿನವರು ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಾರೆ ಎಂದು. ಕೆಲಸ ಮಾಡುತ್ತಾ ಕೇಳೋಣವೆಂದು ಫೋನನ್ನು ಈರುಳ್ಳಿ ಚೀಲದ ಮೇಲೆ ಒರಗಿಸಿಟ್ಟೆ. ಉದ್ದ ಕೋಟು ತೊಟ್ಟ, ವಯಸ್ಸಾದ ಇನ್‌ಸ್ಪೆಕ್ಟರೊಬ್ಬ ಹಿಮ ಬಿದ್ದ ಬೀದಿಯಲ್ಲಿ ಕಾರಿನಿಂದ ಇಳಿದ. ಶೆಡ್ಡಿನ ಬಾಗಿಲು ದಾಟುತ್ತಿದ್ದ ಮಾವ ಅಲ್ಲೇ ನಿಂತುಬಿಟ್ಟರು.

"ಏಯ್, ಇವ್ನು ನಮ್ಮೋನು ಕಣೇ! ಡ್ಯೂಟಿಗೆ ಸೇರಿದ ಹೊಸದ್ರಲ್ಲಿ ಕ್ವಾರ್ಟರ್ಸ್ ಟೀವಿಲಿ ನೋಡ್ತಿದ್ವಿ. ಹಿಂದಿ ಮಾತಾಡ್ತಿದ್ದ."

"ಹಿಂದಿ ಅರ್ಥ ಆಗ್ತಿತ್ತಾ ಮಾವ?"

"ಎಲ್ಲಿ ಆಗ್ತಿತ್ತು? ಇದೂ ಆಗಲ್ಲ. ಎರಡೂ ಒಂದೇ. ಆದ್ರೆ ಕಳ್ಳನ್ನ ಹಿಡಿಯೋಕೆ ಮಾತ್ಯಾಕೆ ಬೇಕು, ಮುಖ ನೋಡಿದ್ರೆ ಸಾಕು."

ಅವರು ಒಳಗಿನಿಂದ ತಮ್ಮ ಮರದ ಕುರ್ಚಿ ತಂದು ಹಾಕಿಕೊಂಡರು. ಅಂದಿನಿಂದ ಮಧ್ಯಾಹ್ನದ ಊಟವಾದ ಮೇಲೆ ದಿನಕ್ಕೊಂದು ಕಂತು, ಆ ಸುಗ್ಗಿ ಮುಗಿಯುವವರೆಗೆ.

ಶುರುವಿನ ವರ್ಷಗಳ ಆ ಕಂತುಗಳಿಗೆ ಒಂದು ಗತ್ತಿತ್ತು. ಕಂದು ಬಣ್ಣದ ಗೋಡೆಗಳು, ಸುರುಳಿ ವೈರಿನ ಫೋನು, ಟಕಟಕ ಎನ್ನುವ ಟೈಪ್‌ರೈಟರು, ಎಲ್ಲರ ಕೈಯಲ್ಲೂ ಸಿಗರೇಟು. ಇನ್‌ಸ್ಪೆಕ್ಟರಿಗೆ ಅವಸರವೇ ಇಲ್ಲ. ಒಂದು ಪ್ರಶ್ನೆ ಕೇಳಿ ಕಿಟಕಿಯಾಚೆ ನೋಡುತ್ತಾ ನಿಂತುಬಿಡುವನು, ಎದುರಿನವರು ಕಾದು ಕಾದು ತಾವೇ ಬಾಯಿ ಬಿಡುವರು. ನಮ್ಮ ಶೆಡ್ಡಿನಲ್ಲಿ ಮಾತ್ರ ಅಷ್ಟು ತಾಳ್ಮೆ ಯಾರಿಗೂ ಇರಲಿಲ್ಲ. ಗಂಡ ಸತ್ತ ಹೆಂಗಸು ತೆರೆಯ ಮೇಲೆ ಬಂದ ಕೂಡಲೇ ಕೆಂಚಮ್ಮ ತೀರ್ಪು ಕೊಡುವಳು.

"ಇವಳೇ ಕಣ್ರೇ. ಗಂಡ ಸತ್ತವ್ನೆ, ತಲೆ ನೋಡ್ರಿ, ಒಂದ್ ಕೂದ್ಲು ಕದ್ಲಿಲ್ಲ."

"ಸುಮ್ನಿರೇ ಕೆಂಚಿ," ಎನ್ನುವರು ಮಾವ. "ಸಾಕ್ಷಿ ಬೇಕು, ಸಾಕ್ಷಿ."

"ಸಾಕ್ಷಿ ನೀವು ಮಡಿಕ್ಕಳಿ ಯಜಮಾನ್ರೇ. ಅಷ್ಟ್ ದೊಡ್ಡ ಮನೇಲಿ ಒಂದ್ ಪಾತ್ರೆ ಸದ್ದಿಲ್ಲ. ಅದು ಸಂಸಾರಸ್ಥರ ಮನೆಯಾ?"

ಬಹಳ ಸಲ ಕೆಂಚಮ್ಮನೇ ಗೆಲ್ಲುತ್ತಿದ್ದಳು. ಒಮ್ಮೆ ನಾನು ಬದಲಾವಣೆಗೆಂದು ಅದೇ ಧಾರಾವಾಹಿಯ ಈಚಿನ ವರ್ಷಗಳ ಕಂತು ಹಾಕಿದೆ. ಬೇರೆ ಇನ್‌ಸ್ಪೆಕ್ಟರು, ಪಿಸ್ತೂಲು, ಓಟ. ಮಾವ ಎರಡು ನಿಮಿಷ ನೋಡಿ, "ಓಡೋನು ಪೊಲೀಸಲ್ಲ, ಕಳ್ಳ. ತೆಗಿ ಅದನ್ನ" ಎಂದರು. ಹೆಂಗಸರೂ ಮುದುಕನೇ ಬೇಕೆಂದರು. ಮತ್ತೆ ಹಳೆಯದಕ್ಕೇ ಬಂದೆವು.

ಬಂದ ವಾರದಲ್ಲೇ ಒಂದು ದಿನ, ಕಂತು ಮುಗಿದ ಮೇಲೆ ಮಾವ ಕೇಳಿದರು, "ಪರೀಕ್ಷೇಲಿ ನಿಂಗೆ ಏನ್ ಮಾಡು ಅಂತಾರೆ?"

"ಚಿತ್ರ ಕೊಟ್ಟು, ಏನೇನಿದೆ ಹೇಳು ಅಂತಾರೆ ಮಾವ. ಎಲ್ಲಿಂದ ಶುರು ಮಾಡ್ಬೇಕು ಅನ್ನೋದೇ ಗೊತ್ತಾಗಲ್ಲ. ಬಾಯಿ ಕಟ್ಟಿ ಹೋಗುತ್ತೆ."

ಮಾವ ನಕ್ಕುಬಿಟ್ಟರು. "ಅಷ್ಟೇಯಾ? ಅದು ಮಹಜರಲ್ವೇನೇ! ಚಕ್ಕುಬಂದಿಯಿಂದ ಶುರು ಮಾಡು. ನಾಲ್ಕು ದಿಕ್ಕು ಹೇಳೋ ಹೊತ್ಗೆ ಉಸಿರು ಸಮ ಆಗ್ತದೆ. ನಾನೂ ಹೊಸದ್ರಲ್ಲಿ ಹೆಣ ನೋಡಿ ನಡುಗ್ತಿದ್ದೆ. ಪೂರ್ವಕ್ಕೆ ಗೋಡೆ ಅಂತ ಬರೆದ್ರೆ ಕೈ ನೆಟ್ಟಗಾಗೋದು."

"ಫೋನೊಳಗೆ ಪೂರ್ವ ಎಲ್ಲೈತೆ ಮಾವ?"

ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ನಾವು ಕೂತಿರೋದು ಬಡಗಲಿಗೆ ಮುಖ ಮಾಡಿ. ಹಂಗಾದ್ರೆ ನಿನ್ನ ಬಲಗೈ ಕಡೆಯೇ ಪೂರ್ವ. ಜರ್ಮನಿ ಆದ್ರೇನು, ಸೂರ್ಯ ಬೇರೆ ಕಡೆ ಹುಟ್ಟಿಯಾನಾ?"

ಹೀಗೆ ಶುರುವಾಯಿತು. ಕಂತಿನಲ್ಲಿ ಹೆಣ ಬಿದ್ದ ಕೋಣೆ ಬಂದ ಕೂಡಲೇ ಮಾವ ನಿಲ್ಲಿಸಲು ಹೇಳುವರು. ನಾನು ಜರ್ಮನ್ನಿನಲ್ಲಿ ಮಹಜರು ಹೇಳಬೇಕು. ಓಸ್ಟನ್ ಅಂದರೆ ಪೂರ್ವ, ಅಲ್ಲಿ ಫೆನ್‌ಸ್ಟರ್, ಅಂದರೆ ಕಿಟಕಿ. ವೆಸ್ಟನ್ ಪಶ್ಚಿಮ, ಅಲ್ಲಿ ಪುಸ್ತಕದ ಬೀರು. ಆಮೇಲೆ ಮೇಜು, ಮೇಜಿನ ಮೇಲೆ ಎರಡು ಲೋಟ, ಒಂದು ತುಂಬಿದೆ, ಒಂದು ಖಾಲಿ. ತಪ್ಪಿದರೆ ತಿದ್ದಲು ಮಾವನಿಗೆ ಭಾಷೆ ಬರುತ್ತಿರಲಿಲ್ಲ. ಆದರೆ ನಾನು ಬೆರಳು ಮಾಡಿ ತೋರಿಸದೆ ಬಿಟ್ಟ ಸಾಮಾನು ಅವರ ಕಣ್ಣಿಗೆ ತಪ್ಪುತ್ತಿರಲಿಲ್ಲ. "ಗಡಿಯಾರ ಬಿಟ್ಟೆ. ಮತ್ತೆ ಮೊದ್ಲಿಂದ ಹೇಳು," ಎನ್ನುವರು. ಕೊನೆಯಲ್ಲಿ ಓದಿಸಿ ಕೇಳಿ ಸರಿ ಇದೆ ಎಂಬುದನ್ನೂ ಜರ್ಮನ್ನಿಗೆ ತರಲೇಬೇಕು. ಪಂಚರಾಗಿ ಕೆಂಚಮ್ಮ ಮತ್ತು ಅವಳ ಪಕ್ಕದವಳು ಗಂಭೀರವಾಗಿ ತಲೆ ಅಲ್ಲಾಡಿಸಬೇಕು. ಅಲ್ಲಿಗೆ ಆ ದಿನದ ಕೇಸು ಮುಗಿಯಿತು.

ಶುರುವಿನಲ್ಲಿ ಪದಕ್ಕೆ ಪದ ತಡವರಿಸುತ್ತಿದ್ದೆ. ನಗುವವರು ನಗುತ್ತಿದ್ದರು. ಆ ನಗುವಿಗೆ ಹೆದರಿಕೆಯಾಗುತ್ತಿರಲಿಲ್ಲ, ಅದೇ ವಿಚಿತ್ರ. ಆನ್‌ಲೈನ್ ಕ್ಲಾಸಿನಲ್ಲಿ ಎಲ್ಲರ ಮುಖಗಳು ಚೌಕ ಚೌಕವಾಗಿ ನನ್ನನ್ನೇ ನೋಡುತ್ತಿದ್ದವು. ಇಲ್ಲಿ ಎಲ್ಲರ ಕಣ್ಣೂ ಈರುಳ್ಳಿಯ ಮೇಲಿತ್ತು.

ಒಂದು ಮಧ್ಯಾಹ್ನ ಇನ್ನೂ ಜುಟ್ಟು ಕೊಯ್ಯದ ಈರುಳ್ಳಿಯನ್ನು ಅಂಗಳದ ತುಂಬ ಹರವಿದ್ದೆವು. ನಾನು ಟಾರ್ಪಾಲಿನ ತುದಿ ಹಿಡಿದು ನಿಂತಿದ್ದಾಗ ಪಡುವಲ ಗುಡ್ಡದ ಕಡೆ ಕಪ್ಪಾಯಿತು. ನೋಡನೋಡುತ್ತಿದ್ದಂತೆ ಗಾಳಿ ಎದ್ದಿತು. ನಾನು ಶೆಡ್ಡಿನ ಕಡೆ ತಿರುಗಿ ಗಂಟಲು ಹರಿಯುವ ಹಾಗೆ ಕೂಗಿದೆ: "ಡೆರ್ ರೇಗನ್ ಕೊಮ್ಟ್ ಫೋನ್ ವೆಸ್ಟನ್!"

"ಏನ್ ಬಡ್ಕೊಂಡ್ಳೇ ಇವ್ಳು?" ಎಂದಳು ಕೆಂಚಮ್ಮ.

"ಪಡುವಲಿಂದ ಮಳೆ ಬತ್ತೈತಂತೆ, ಏಳ್ರೇ!" ಎನ್ನುತ್ತಾ ಮಾವ ಆಗಲೇ ಟಾರ್ಪಾಲಿಗೆ ಓಡಿಬಂದಿದ್ದರು.

ಎಲ್ಲರೂ ಸೇರಿ ಈರುಳ್ಳಿ ಒಟ್ಟುಮಾಡಿ ಮುಚ್ಚಿದೆವು. ನಾಲ್ಕು ಬುಟ್ಟಿಯಷ್ಟು ನೆನೆಯಿತು, ಉಳಿದದ್ದು ಉಳಿಯಿತು. ಟಾರ್ಪಾಲಿನ ಅಂಚಿಗೆ ಕಲ್ಲಿಟ್ಟು ನೆಟ್ಟಗೆ ನಿಂತಾಗಲೇ ನಾನು ಕೂಗಿದ್ದು ಯಾವ ಭಾಷೆಯಲ್ಲಿ ಎಂದು ಹೊಳೆದದ್ದು. ಯೋಚಿಸಿರಲಿಲ್ಲ, ಪದ ಜೋಡಿಸಿರಲಿಲ್ಲ. ತಾನಾಗಿ ಬಂದಿತ್ತು. ಮಾವನೂ ತಾನಾಗಿ ಅರ್ಥ ಮಾಡಿಕೊಂಡಿದ್ದರು. ಒದ್ದೆ ಮುಂಡಾಸನ್ನು ಹಿಂಡುತ್ತಾ ನನ್ನನ್ನು ನೋಡಿ, ಹುಬ್ಬು ಹಾರಿಸಿದರು. ನನಗೆ ಅಷ್ಟು ಖುಷಿ ನರ್ಸಿಂಗ್ ಪಾಸಾದ ದಿನವೂ ಆಗಿರಲಿಲ್ಲ.

ಅವತ್ತು ಸಂಜೆ ರೊಟ್ಟಿ ತಟ್ಟುತ್ತಾ ಅತ್ತೆ ಮೆಲ್ಲಗೆ ಒಂದು ಮಾತು ಹೇಳಿದರು. "ನಿಮ್ಮ ಮಾವಂಗೆ ನೀನು ಹೋಗೋದು ಇಷ್ಟ ಇಲ್ಲ ಕಣೇ. ನೀನ್ ಪಾಸಾದ್ರೆ ಹೋಗ್ತೀಯ ಅಂತ ಗೊತ್ತಿದ್ದೂ ದಿನಾ ಕೂರ್ಸಿ ಹೇಳ್ಸ್ತಾರೆ. ಒಳಗೆ ಬಂದು ಸುಮ್ನೆ ಗೋಡೆ ನೋಡ್ಕೊಂಡ್ ಮಲಗ್ತಾರೆ." ನಾನು ತಟ್ಟೆಯಲ್ಲಿದ್ದ ರೊಟ್ಟಿಯನ್ನು ಮುರಿಯುತ್ತಾ ಕೂತೆ.

ಪರೀಕ್ಷೆಗೆ ಬೆಂಗಳೂರಿಗೆ ಹೊರಟ ದಿನ ಮಾವ ಸ್ಟೇಷನ್ನಿಗೆ ಬಂದರು. "ಮೊದ್ಲು ದಿಕ್ಕು ನೋಡ್ಕೊ. ಉಳಿದದ್ದು ತಾನಾಗೇ ಬತ್ತೈತೆ," ಅಷ್ಟೇ ಹೇಳಿದ್ದು.

ಪರೀಕ್ಷೆಯ ಕೋಣೆಯಲ್ಲಿ ಇಬ್ಬರು ಹೆಂಗಸರು ಕೂತಿದ್ದರು, ಒಬ್ಬರು ಬಿಳಿ ಕೂದಲಿನ ಜರ್ಮನ್, ಇನ್ನೊಬ್ಬರು ನಮ್ಮವರೇ. ನನ್ನ ಮುಂದೆ ಚಿತ್ರವಿಟ್ಟರು. ಆಸ್ಪತ್ರೆಯ ಕೋಣೆ, ಮಂಚದ ಮೇಲೆ ಮುದುಕ, ಪಕ್ಕದಲ್ಲಿ ಯಾರೋ ಮಗಳಂಥವಳು. ಹೂದಾನಿ, ಕಿಟಕಿ, ನೀರಿನ ಲೋಟ. ಎಲ್ಲಕ್ಕೂ ಪದ ಗೊತ್ತಿತ್ತು. ಚಕ್ಕುಬಂದಿ ಹೇಳಲು ಬಾಯಿ ತೆರೆದೆ. ಆಗ ತಲೆ ಎತ್ತಿ ಸುತ್ತ ನೋಡಿದೆ. ಶೆಡ್ಡಿನಲ್ಲಿ ನಾವು ಬಡಗಲಿಗೆ ಮುಖ ಮಾಡಿ ಕೂರುತ್ತಿದ್ದೆವು. ಈ ಕೋಣೆಗೆ ಬರಲು ಎರಡು ಲಿಫ್ಟು ಹತ್ತಿ, ಮೂರು ಕಾರಿಡಾರು ತಿರುಗಿದ್ದೆ. ನಾನು ಯಾವ ದಿಕ್ಕಿಗೆ ಕೂತಿದ್ದೇನೆ? ಪೂರ್ವ ಗೊತ್ತಿಲ್ಲದೆ ಕಿಟಕಿ ಎಲ್ಲಿದೆ ಎಂದು ಹೇಗೆ ಹೇಳಲಿ?

ಬೇರೆ ಯಾರಾದರೂ ಎಡಕ್ಕೆ, ಬಲಕ್ಕೆ ಎಂದು ಮುಗಿಸುತ್ತಿದ್ದರು. ನನಗೆ ಅದು ಹೊಳೆಯಲೇ ಇಲ್ಲ. ಹಳೆಯ ಬೆವರು ಕುತ್ತಿಗೆಯಿಂದ ಇಳಿಯತೊಡಗಿತು. ಇನ್ನು ಕಳೆದುಕೊಳ್ಳುವುದು ಏನೂ ಇಲ್ಲವೆಂದು ಜರ್ಮನ್ನಿನಲ್ಲೇ ಕೇಳಿಬಿಟ್ಟೆ: ದಯವಿಟ್ಟು ಹೇಳಿ, ಉತ್ತರ ದಿಕ್ಕು ಯಾವ ಕಡೆ?

ಬಿಳಿ ಕೂದಲಿನಾಕೆ ಕನ್ನಡಕ ತೆಗೆದರು. ಕಿಟಕಿಯ ಕಡೆ ನೋಡಿ, ಆ ಕಡೆ ಎಂದರು. ನಮ್ಮವರು, ಇಲ್ಲ ಇಲ್ಲ, ಮೆಟ್ರೋ ಇರುವುದು ಆ ಕಡೆ, ಹಾಗಾಗಿ ಉತ್ತರ ಈ ಕಡೆ ಎಂದರು. ಇಬ್ಬರೂ ಎದ್ದು ಕಿಟಕಿಯ ಬಳಿ ಹೋಗಿ ವಾದಿಸತೊಡಗಿದರು. ಕೊನೆಗೆ ಒಬ್ಬರು ಬ್ಯಾಗಿನಿಂದ ಫೋನು ತೆಗೆದು ದಿಕ್ಸೂಚಿ ನೋಡಿದರು. ಇಬ್ಬರು ಪರೀಕ್ಷಕರು ನನ್ನ ಚಕ್ಕುಬಂದಿಗಾಗಿ ಕಿತ್ತಾಡುವುದನ್ನು ನೋಡುತ್ತಾ ನನ್ನ ಭಯ ಎಲ್ಲಿ ಹೋಯಿತೋ ನನಗೇ ತಿಳಿಯಲಿಲ್ಲ. ಉತ್ತರ ನನ್ನ ಬೆನ್ನ ಹಿಂದಿತ್ತು. ನಾನು ಎದ್ದು, ಅನುಮತಿ ಕೇಳಿ, ಕುರ್ಚಿಯನ್ನು ಪೂರ್ತಿ ತಿರುಗಿಸಿ, ಅವರಿಗೆ ಬೆನ್ನು ಹಾಕಿ ಕೂತು, ಚಿತ್ರವನ್ನು ಎತ್ತಿ ಹಿಡಿದುಕೊಂಡೆ.

ಆಮೇಲೆ ಹರಿಯಿತು ನೋಡಿ. ಪೂರ್ವಕ್ಕೆ ಕಿಟಕಿ, ಪರದೆ ಅರ್ಧ ಸರಿದಿದೆ. ಪಶ್ಚಿಮಕ್ಕೆ ಬಾಗಿಲು. ಉತ್ತರದ ಗೋಡೆಗೆ ಮುದುಕನ ಮಂಚ. ಲೋಟದಲ್ಲಿ ನೀರು ಮುಕ್ಕಾಲು ಇದೆ, ಹಾಗಾದರೆ ಇವರು ಬೆಳಗಿನಿಂದ ಸರಿಯಾಗಿ ಕುಡಿದಿಲ್ಲ. ಮಗಳ ಕೋಟು ಮೈಮೇಲೇ ಇದೆ, ಹೆಚ್ಚು ಹೊತ್ತು ಕೂರಲು ಬಂದವಳಲ್ಲ. ಕೊನೆಗೆ ನಾಲಿಗೆ ರೂಢಿಯಂತೆ ಅದನ್ನೂ ಸೇರಿಸಿಬಿಟ್ಟಿತು: ಪಂಚರ ಸಮಕ್ಷಮ ಓದಿಸಿ ಕೇಳಿ ಸರಿ ಇದೆ ಎಂದು ಒಪ್ಪಲಾಗಿದೆ.

ಹಿಂದಿನಿಂದ ನಗು ಕೇಳಿತು. ತಿರುಗಿದರೆ ಬಿಳಿ ಕೂದಲಿನಾಕೆ ಕಣ್ಣೊರೆಸಿಕೊಳ್ಳುತ್ತಿದ್ದರು. ಈ ಜರ್ಮನ್ ಎಲ್ಲಿ ಕಲಿತಿರಿ, ನನ್ನ ಅಜ್ಜನ ಕಾಲದ ಪೊಲೀಸರ ಹಾಗೆ ಮಾತಾಡುತ್ತೀರಲ್ಲ ಎಂದರು. ನಾನು ಹೇಳಿದೆ. ಶೆಡ್ಡು, ಈರುಳ್ಳಿ, ಕೆಂಚಮ್ಮನ ತೀರ್ಪುಗಳು, ಧಾರಾವಾಹಿ, ಮಾವ, ಎಲ್ಲ. ಸಮಯ ಮುಗಿದಿದೆ ಎಂದು ಅವರೇ ನಿಲ್ಲಿಸಬೇಕಾಯಿತು.

ಫಲಿತಾಂಶ ಬಂದಾಗ ಶೆಡ್ಡಿನಲ್ಲಿ ಕೊನೆಯ ಚೀಲಗಳನ್ನು ಹೊಲಿಯುತ್ತಿದ್ದರು. ಪಾಸು ಎಂದೆ. ಕೆಂಚಮ್ಮ ಈರುಳ್ಳಿ ಕೈಯಲ್ಲೇ ನನ್ನ ಕೆನ್ನೆ ಹಿಂಡಿದಳು. ಮಾವ ಕುರ್ಚಿಯಿಂದ ಏಳಲಿಲ್ಲ.

"ಹಂಗಾದ್ರೆ ಹೋಗ್ತೀಯ," ಎಂದರು.

"ಹೂಂ ಮಾವ."

"ಆಗ್ಲಿ. ಅಲ್ಲಿ ಕೋಣೆ ಸಿಕ್ಕಿದ ದಿನ ಫೋನ್ ಮಾಡು. ಚಕ್ಕುಬಂದಿ ಹೇಳು. ನಿಂಗೆ ಎಲ್ಲಿ ಕಿಟಕಿ ಐತೆ, ಎಲ್ಲಿ ಬಾಗ್ಲು ಐತೆ ಅಂತ ನಂಗೆ ಗೊತ್ತಿರ್ಬೇಕು."

ಹೇಳಿದೆ. ಆ ಚಳಿ ಊರಿನಲ್ಲಿ ಮೊದಲ ಸಂಜೆಯೇ ಹೇಳಿದೆ. ಪೂರ್ವಕ್ಕೆ ಕಿಟಕಿ ಮಾವ, ಕಿಟಕಿಯಾಚೆ ಸೈಕಲ್ ನಿಲ್ಲಿಸುವ ಜಾಗ. ದಕ್ಷಿಣಕ್ಕೆ ಮಂಚ. ಪಶ್ಚಿಮಕ್ಕೆ ಬಾಗಿಲು. ಉತ್ತರದ ಗೋಡೆ ಖಾಲಿ. "ಖಾಲಿ ಬಿಡ್ಬೇಡ, ಏನಾರ ಒಂದು ತಗುಲಾಕು," ಎಂದರು. ನಾಲ್ಕು ದಿಕ್ಕು ಹೇಳಿ ಮುಗಿಸುವ ಹೊತ್ತಿಗೆ ನನ್ನ ಉಸಿರು ಸಮವಾಗಿತ್ತು. ಅಳು ಬರುವ ಹಾಗಿದ್ದದ್ದು ಬರಲಿಲ್ಲ. ಆಮೇಲೆ ವಾರ್ಡು ಬದಲಾದಾಗ, ಮನೆ ಬದಲಾದಾಗ, ಪ್ರತಿ ಸಲವೂ ಮಾವ ಕೇಳಿದ್ದು ಇದೊಂದನ್ನೇ. ಊಟ ಆಯ್ತಾ ಎಂಬುದನ್ನು ಅತ್ತೆಗೆ ಬಿಟ್ಟುಕೊಟ್ಟಿದ್ದರು.

ಇದನ್ನೆಲ್ಲ ನೆನೆಯುತ್ತಾ ಸ್ಟೇಷನ್ನಿನಿಂದ ನಡೆದೇ ಮನೆಗೆ ಬಂದೆ. ಮಾವ ಹೊಲಕ್ಕೆ ಹೋಗಿದ್ದರು. ನೀರು ಕುಡಿದು ಸೀದಾ ಶೆಡ್ಡಿಗೆ ಹೋದೆ. ಈ ಸಲದ ಈರುಳ್ಳಿ ಆಗಲೇ ಬಿದ್ದಿತ್ತು. ಮಣೆಗಳು, ಕುಡುಗೋಲುಗಳು ಇದ್ದಲ್ಲೇ ಇದ್ದವು. ಮಾವನ ಮರದ ಕುರ್ಚಿ ಮಾತ್ರ ಇರಬೇಕಾದ ಹಾಗಿರಲಿಲ್ಲ. ಬಡಗಲಿಗಲ್ಲ, ಸೊಟ್ಟಗೆ ಮೂಲೆಗೆ ತಿರುಗಿತ್ತು. ಆ ಮೂಲೆಯಲ್ಲಿ ಫೋನಿಲ್ಲ, ಟಿವಿಯಿಲ್ಲ, ಬರೀ ತಗಡಿನ ಗೋಡೆ. ಸರಿಯಾಗಿ ಇಡೋಣವೆಂದು ಕೈ ಹಾಕಿದೆ.

"ಮುಟ್ಬೇಡ ಕಣೇ," ಎಂದರು ಬೆನ್ನ ಹಿಂದಿನಿಂದ ಅತ್ತೆ. "ನೀನು ಇಲ್ಲಿಂದ ಹೊರಟ ವಾರವೇ ಲೋಕೇಶನ ಕೈಲಿ ಫೋನಲ್ಲಿ ನೋಡ್ಸಿದ್ರು, ಜರ್ಮನಿ ಯಾವ ಕಡೆ ಬತ್ತೈತೆ ಅಂತ. ವಾಯವ್ಯ ಮೂಲೆ ಅಂತ ತೋರುಸ್ತು. ಆವತ್ತಿಂದ ಕುರ್ಚಿ ಹಂಗೇ. ಊಟ ಆದ್ಮೇಲೆ ಬಂದು ಆ ಕಡೆ ಮುಖ ಮಾಡ್ಕೊಂಡ್ ಒಂದು ಗಳಿಗೆ ಕೂತಿದ್ದು ಹೋಗ್ತಾರೆ. ಕೆಂಚಿ ಗೇಲಿ ಮಾಡಿ ಮಾಡಿ ಸೋತ್ಲು."

ನಾನು ಕುರ್ಚಿಯಿಂದ ಕೈ ತೆಗೆದೆ. ಎರಡು ವರ್ಷ ನಾನು ಆ ಊರಿನಲ್ಲಿ ಒಬ್ಬಳೇ ಇದ್ದೇನೆ ಅಂದುಕೊಂಡಿದ್ದೆ. ನನ್ನ ಎದುರಿಗೆ ದಿನವೂ ಒಬ್ಬರು ಕೂತಿದ್ದರು. ಕಣ್ಣಲ್ಲಿ ನೀರು ಬಂತು, ತಪ್ಪನ್ನು ಈರುಳ್ಳಿಯ ಮೇಲೆ ಹಾಕುವ ಹಾಗೂ ಇರಲಿಲ್ಲ, ಇನ್ನೂ ಯಾರೂ ಕೊಯ್ಯಲು ಶುರು ಮಾಡಿರಲಿಲ್ಲ.

ಬಾಗಿಲಲ್ಲಿ ಚಪ್ಪಲಿ ಸದ್ದಾಯಿತು. ಮಾವ ಮುಂಡಾಸು ಬಿಚ್ಚುತ್ತಾ ಒಳಗೆ ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದರು, ಕುರ್ಚಿಯನ್ನು ನೋಡಿದರು, ಅತ್ತೆಯ ಮುಖ ನೋಡಿ ಎಲ್ಲ ಹೇಳಿಯಾಗಿದೆ ಎಂದು ತಿಳಿದುಕೊಂಡರು. ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿ, ವಾಯವ್ಯ ಮೂಲೆ ಬಿಟ್ಟು, ನಾನು ನಿಂತಿದ್ದ ಕಡೆಗೆ ತಿರುಗಿಸಿ ಹಾಕಿ ಕೂತರು.

"ಹೂಂ, ಹೇಳು," ಎಂದರು.